ಕೆಂಚನನ್ನು ಬೈದು ಹಾಕಿದ ಪೋಸ್ಟು

ಕೋಡಿಹಳ್ಳಿ ಹತ್ತಿರದ ಪುಟ್ಟಲಿಂಗಯ್ಯ ನಲವತ್ತು ವರ್ಷ ಕುರಿಗಳ ಹಿಂದೆ ನಡೆದವನು. ಮಂಡಿ ಸವೆದಿದೆ, ಇನ್ನು ಗುಡ್ಡ ಹತ್ತಬೇಡ ಎಂದು ಡಾಕ್ಟರು ಹೇಳಿದ ಮೇಲೆ ಹೆಣ್ಣು ಕುರಿಗಳನ್ನೆಲ್ಲ ಭಾಮೈದನ ಮಂದೆಗೆ ಸೇರಿಸಿದ. ಉಳಿದದ್ದು ಬೀಜದ ಟಗರು ಕೆಂಚ ಒಂದೇ. ಆ ಮಂದೆಯ ಎಳೆಯ ಕುರಿಗಳೆಲ್ಲ ಅದರ ಹೆಣ್ಣುಮಕ್ಕಳೇ ಆದ್ದರಿಂದ ಅದನ್ನು ಅಲ್ಲಿಗೆ ಬಿಡುವಂತಿರಲಿಲ್ಲ. ಕುರಿ ಸಾಕುವವರಿಗೂ ಮಾನ ಮರ್ಯಾದೆ ಇರುತ್ತದೆ.

ಸಂತೆಗೆ ಹೊಡೆದರೆ ಕೊಳ್ಳುವವರು ಕತ್ತಿ ಮಸೆದುಕೊಂಡೇ ಬರುತ್ತಾರೆ. ಪುಟ್ಟಲಿಂಗಯ್ಯನೇನೂ ಭಾನುವಾರದ ಬಾಡೂಟ ತಪ್ಪಿಸಿದವನಲ್ಲ. ಆದರೆ ಕೆಂಚನ ತಾಯಿ ಈದ ದಿನವೇ ಸತ್ತು, ಹೆಂಡತಿ ದಾಸಮ್ಮ ಅದಕ್ಕೆ ಹಸುವಿನ ಹಾಲು ಕುಡಿಸಿ, ಸೆರಗಿನಲ್ಲಿ ಸುತ್ತಿ ಮಲಗಿಸಿಕೊಂಡು ಬದುಕಿಸಿದ್ದಳು. ಅದು ಯಾವುದಾದರೂ ಮಂದೆಗೆ ಹೋಗಬೇಕು, ಒಲೆಗಲ್ಲ. ಗಂಡ ಹೆಂಡಿರ ಆಸೆ ಇಷ್ಟೇ.

ಕನಕಪುರದಲ್ಲಿ ಡಿಗ್ರಿ ಓದುವ ಮಗಳು ಅನುಷಾ ಫೇಸ್‌ಬುಕ್ ಕಲಿಸಲು ಕೂತಳು. ಮೊದಲ ವಾರ ಪುಟ್ಟಲಿಂಗಯ್ಯ ಹಾಕಿದ ಫೋಟೋಗಳಲ್ಲಿ ಕೆಂಚನ ಹಿಂಭಾಗ ಇತ್ತು, ಕೊರಳ ಗಂಟೆ ಇತ್ತು, ಒಂದರಲ್ಲಿ ಪುಟ್ಟಲಿಂಗಯ್ಯನ ಹೆಬ್ಬೆರಳು ಮಾತ್ರ ಇತ್ತು.

"ಮುಖ ಕಾಣ್ಬೇಕು ಅಪ್ಪ. ಇಲ್ದಿದ್ರೆ ಜನ ಮುಂದಕ್ಕೆ ತಳ್ಬುಡ್ತಾರೆ."

"ಊರೋರೆಲ್ಲ ನೋಡುದ್ರೆ ಕಣ್ಣಾಗಲ್ವೇನವ್ವ?"

"ನೋಡ್ಲಿ ಅಂತ್ಲೇ ಅಲ್ವಾ ಹಾಕದು?"

ಈ ವಾದವನ್ನು ಇಬ್ಬರೂ ಗೆಲ್ಲಲಿಲ್ಲ. ಕೊನೆಗೆ ಅನುಷಾ ತಾನೇ ವಿಡಿಯೋ ಮಾಡಿ, ಹಾಡು ಸೇರಿಸಿ, "ಭರ್ಜರಿ ಬನ್ನೂರು ಟಗರು ಮಾರಾಟಕ್ಕಿದೆ" ಎಂದು ಹಾಕಿದಳು. ನಾನೂರು ಲೈಕು ಬಿತ್ತು. ಮರುದಿನ ಇಪ್ಪತ್ತೆರಡು ಫೋನು ಬಂದವು. ಇಪ್ಪತ್ತೆರಡು ಜನರೂ ಕೇಳಿದ್ದು ಒಂದೇ, ಎಷ್ಟು ಕೆಜಿ ಬಾಡು ಬೀಳುತ್ತದೆ ಎಂದು. ಚನ್ನಪಟ್ಟಣದವನೊಬ್ಬ ಮಗಳ ಬೀಗರ ಊಟಕ್ಕೆಂದು ಬೆಳಿಗ್ಗೆಯೇ ಟೆಂಪೊ ಕಳಿಸಲು ಸಿದ್ಧನಿದ್ದ. ಪುಟ್ಟಲಿಂಗಯ್ಯ ಫೋನನ್ನು ರಾಗಿ ಡಬ್ಬದೊಳಗೆ ಇಟ್ಟು ಮುಚ್ಚಳ ಹಾಕಿದ.

ಅವತ್ತು ಸಂಜೆ ಕೆಂಚ ಅರ್ಧ ಮೇವು ಬಿಟ್ಟಿತು. ದಾಸಮ್ಮ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಅನುಷಾ ವಿಡಿಯೋ ಅಳಿಸಿದಳು.

ಕುರಿ ಸಾಕುವವರಲ್ಲಿ ತಮ್ಮ ಪ್ರಾಣಿಯನ್ನು ಪರರ ಮುಂದೆ ಹೊಗಳುವ ಪದ್ಧತಿ ಇಲ್ಲ. ಹೊಗಳಿದರೆ ದೃಷ್ಟಿ. ಒಳ್ಳೆಯದನ್ನು ಬೈಯಬೇಕು, ಎಷ್ಟು ಒಳ್ಳೆಯದೋ ಅಷ್ಟು ಬೈಯಬೇಕು. ಇದನ್ನು ನಲವತ್ತು ವರ್ಷ ಪಾಲಿಸಿ, ಒಂದು ವಾರ ಮರೆತದ್ದಕ್ಕೆ ಪುಟ್ಟಲಿಂಗಯ್ಯನಿಗೆ ತನ್ನ ಮೇಲೇ ಸಿಟ್ಟು ಬಂತು. ಕೆಂಚನ ಹಣೆಗೆ ದಾಸಮ್ಮನಿಂದ ಕಾಡಿಗೆ ಬೊಟ್ಟು ಇಡಿಸಿ ಫೋಟೋ ತೆಗೆದ. ಫೋನಿನ ಹತ್ತಿರ ಬಾಯಿಟ್ಟು ತಾನೇ ಹೇಳಿದ್ದನ್ನು ಅದು ಬರೆದುಕೊಂಡಿತು:

"ಇವ್ನು ಕೆಂಚ. ನಾಕು ಹಲ್ಲಿನ ದಂಡಪಿಂಡ. ಕಾಲು ಗಿಡ್ಡ, ಬೆನ್ನು ಹಲಗೆ. ಹೋದ್ವರ್ಷ ಇವನಿಂದ ಕೊಟ್ಟಿಗೆ ತುಂಬ ಮರಿಯಾಗಿ ನಂಗೆ ನಿದ್ದೆ ಇಲ್ಲ. ಯಾರ್ಗೂ ಬ್ಯಾಡದ ಮುಂಡೇದು. ಮಂದೆ ಇರೋರು ಬಂದು ಎಳ್ಕೊಂಡೋಗಿ."

"ಹಿಂಗ್ ಬರುದ್ರೆ ಯಾರಪ್ಪ ಬತ್ತಾರೆ?" ಅನುಷಾ ತಲೆ ಮೇಲೆ ಕೈ ಹೊತ್ತಳು. ಮೂರು ಲೈಕು ಬಂತು, ಅದರಲ್ಲಿ ಒಂದು ಅವಳದೇ. ನಾಲ್ಕು ಹಲ್ಲೆಂದರೆ ತುಂಬು ಪ್ರಾಯ, ಗಿಡ್ಡ ಕಾಲು ಹಲಗೆ ಬೆನ್ನು ಬನ್ನೂರು ತಳಿಯ ಒಳ್ಳೆಯ ಲಕ್ಷಣ ಎಂದು ತಿಳಿಯದ ಬೆಂಗಳೂರಿನವರೊಬ್ಬರು, ಕೆಟ್ಟ ಟಗರನ್ನು ಕೆಟ್ಟದ್ದೆಂದೇ ಹೇಳುವ ಪ್ರಾಮಾಣಿಕತೆಯನ್ನು ಮೆಚ್ಚಿ ಕಾಮೆಂಟು ಹಾಕಿದರು.

ನಾಲ್ಕನೇ ದಿನ ಒಂದು ಫೋನು ಬಂತು. "ಮಾಗಡಿ ಕಡೆಯೋನು, ವೆಂಕಟಯ್ಯ ಅಂತ. ನೀವು ಆ ಪಾಟಿ ಬೈಬೇಕಾದ್ರೆ ಒಂದ್ಸಲ ನೋಡ್ಬುಡವ ಅನ್ನುಸ್ತು."

ಹೆಗಲ ಮೇಲೆ ಕಂಬಳಿ ಹಾಕಿಕೊಂಡು ವೆಂಕಟಯ್ಯ ಬಂದ. ಬೆನ್ನ ಮೇಲೆ ಅಂಗೈ ಆಡಿಸಿದ, ಹಲ್ಲು ನೋಡಿದ, ಎರಡು ಹೆಜ್ಜೆ ಹಿಂದೆ ನಿಂತು ಮತ್ತೊಮ್ಮೆ ನೋಡಿದ.

"ಒಸಿ ಸಣಕಲು" ಎಂದ.

"ಸಣಕ್ಲೇ ಯಜಮಾನ್ರೇ."

"ಕೊಂಬೂ ಇಲ್ಲ."

"ಬುದ್ಧೀನೂ ಇಲ್ಲ."

ಇಬ್ಬರೂ ಕಾಫಿ ಕುಡಿಯುತ್ತಾ ಒಂದು ಗಂಟೆ ಬೈದರು. ಕೆಂಚ ಹುರುಳಿ ತಿನ್ನುತ್ತಾ ಎಲ್ಲವನ್ನೂ ಕೇಳಿಸಿಕೊಂಡಿತು. ವೆಂಕಟಯ್ಯ ಎದ್ದು ಹೊರಡುವ ಮೊದಲು ಪುಟ್ಟಲಿಂಗಯ್ಯ, "ನಿಮ್ ಮಂದೆ ಎಷ್ಟೈತೆ?" ಎಂದ. "ಏನೋ, ನಾಕೈದು ಬಡಕಲು ಅವೆ" ಎಂದ ವೆಂಕಟಯ್ಯ. ನೂರಕ್ಕೆ ಕಡಿಮೆ ಇಲ್ಲ ಎಂದು ಪುಟ್ಟಲಿಂಗಯ್ಯನಿಗೆ ತಿಳಿಯಿತು. ಅವನ ಎದೆ ಹಗುರವಾಯಿತು.

ವ್ಯಾಪಾರ ಕುದುರಿ ಕೆಂಚನನ್ನು ಗಾಡಿಗೆ ಹತ್ತಿಸುವಾಗ, ಒಲೆ ಮೇಲೆ ಹಾಲಿಟ್ಟಿದ್ದೀನಿ ಎಂದು ದಾಸಮ್ಮ ಒಳಗೆ ಹೋದಳು. ಒಲೆ ಹಚ್ಚಿರಲಿಲ್ಲ.

ಆರು ತಿಂಗಳಾದ ಮೇಲೆ ವೆಂಕಟಯ್ಯ ಒಂದು ಫೋಟೋ ಹಾಕಿದ. ಕೆಂಪು ಮೂತಿಯ ಮರಿಗಳು ಸಾಲಾಗಿ ನಿಂತಿದ್ದವು, ಪ್ರತಿಯೊಂದರ ಹಣೆಯಲ್ಲೂ ಕಾಡಿಗೆ ಬೊಟ್ಟಿತ್ತು. ಕೆಳಗೆ ಬರೆದಿತ್ತು: "ಕೆಂಚನ ಮರಿಗಳು. ಒಂದೂ ಪ್ರಯೋಜನ ಇಲ್ಲ."

ಪುಟ್ಟಲಿಂಗಯ್ಯ ಅದನ್ನು ದಾಸಮ್ಮನಿಗೆ ತೋರಿಸಿದ. ಅವಳು ಒಂದೊಂದೇ ಮೂತಿಯ ಮೇಲೆ ಬೆರಳಾಡಿಸಿ, ಗೊತ್ತಿಲ್ಲದೆ ಅದಕ್ಕೊಂದು ಲೈಕು ಒತ್ತಿದಳು. ಇವನ ಕಣ್ಣು ತುಂಬಿ ಬಂತು. ಪಂಚೆಯ ಅಂಚಿನಿಂದ ಒರೆಸಿಕೊಂಡು, ಮಗಳನ್ನು ಕರೆಯದೆ, ಒಂದೊಂದೇ ಅಕ್ಷರ ಹುಡುಕಿ ಒತ್ತಿ ಕಾಮೆಂಟು ಹಾಕಿದ:

"ಥೂ, ಅಪ್ಪನಂಗೇ ಹುಟ್ಟವೆ."