ಚರಗಕ್ಕೆ ಮೊದಲು ಬೆಲ್ಲ

ಅಪ್ಪನ ಬಲ ಹಿಮ್ಮಡಿಗೆ ಚಪ್ಪಲಿಯ ಮೊಳೆ ಚುಚ್ಚಿದ್ದು ಮಳೆಗಾಲದಲ್ಲಿ. ದೀಪಾವಳಿ ಬಂದರೂ ಗಾಯ ಮಾಯಲಿಲ್ಲ. ಎಂಬತ್ತರ ದಶಕದ ಮೊದಲ ವರ್ಷಗಳು ಅವು. ಅಪ್ಪನಿಗೆ ಮುನಿರಾಬಾದಿನಲ್ಲಿ ನೀರಾವರಿ ಇಲಾಖೆಯ ಕೆಲಸ. ದಿನವೂ ಕಾಲುವೆ ದಂಡೆಯ ಮೇಲೆ ಮೈಲಿಗಟ್ಟಲೆ ನಡೆಯಬೇಕು. ಕೊಪ್ಪಳದ ಡಾಕ್ಟರು ಪರೀಕ್ಷೆ ಮಾಡಿ, ಸಕ್ಕರೆ ಕಾಯಿಲೆ ಎಂದರು.

"ಹಿಂಗ ಬಿಟ್ರ ಗಾಯ ಮ್ಯಾಲೇರ್ತದ. ಆಮ್ಯಾಲೆ ಪಾದ ತೆಗೀಬೇಕಾಗ್ತದ, ನೋಡ್ರಿ."

ಮುಂಜಾನೆ ಒಂದು ಗುಳಿಗೆ. ಅನ್ನ, ಸಿಹಿ ಬಂದ್. ಹೊತ್ತಿಗೆ ಒಂದೇ ರೊಟ್ಟಿ. ಉಳಿದದ್ದು ಕಾಳು, ಪಲ್ಲೆ, ಮಜ್ಜಿಗೆ. ಮನೆಗೆ ಬಂದ ಮೇಲೆ ಅಪ್ಪ ಕೇಳಿದ, "ಒಂದ ರೊಟ್ಟಿ ತಿಂದ್ರ ಕಾಲು ಉಳಿತೈತಿ ಅಂದ್ರ, ಒಂದೂ ತಿನ್ನದಿದ್ರ ಇನ್ನೂ ಛಲೋ ಅಲ್ಲೇನ?" ಅವ್ವನೂ ನಾನೂ ಹೌದೆಂದೆವು.

ಅಂದಿನಿಂದ ಅಪ್ಪನ ತಾಟಿನಲ್ಲಿ ಕುದಿಸಿದ ಹೆಸರುಕಾಳು, ಮೆಂತ್ಯ ಪಲ್ಲೆ, ಹಸಿ ಸೌತೆಕಾಯಿ, ಮೊಸರು, ಚಮಚದಷ್ಟು ಶೇಂಗಾ ಚಟ್ನಿ. ಅವ್ವ ನಮಗೆ ರೊಟ್ಟಿ ಬಡಿಯುವಾಗ ಅವನು ಹೊರಗೆ ಕಟ್ಟೆಯ ಮೇಲೆ ಕೂಡುತ್ತಿದ್ದ. ಪಕ್ಕದ ಮನೆಯವರು ನಗುತ್ತಿದ್ದರು: "ಏನ್ರೀ, ಸೊಪ್ಪು ಸದಿ ಮೇಯಾಕ ಶುರು ಮಾಡೀರಿ? ಹಿಂಡೀನೂ ತರಸೂನೇನು?"

"ತರಸ್ರಿ. ನಾಲ್ಕ ಕಾಲಿಂದಕ್ಕ ಒಂದು ಹೋದ್ರ ಮೂರು ಉಳಿತಾವ. ನನಗ ಇರೂವ ಎರಡು," ಎನ್ನುತ್ತಿದ್ದ ಅಪ್ಪ.

ನಾನು ಪಿಯುಸಿಯಲ್ಲಿ ವಿಜ್ಞಾನ ಓದುತ್ತಿದ್ದೆ. ಹಾಗಾಗಿ ಮನೆಯಲ್ಲಿ ಅಪ್ಪನ ಮೂತ್ರದ ಸಕ್ಕರೆ ಪರೀಕ್ಷೆ ಮಾಡುವುದು ನನ್ನ ಪಾಲಿಗೆ ಬಂತು. ಗಾಜಿನ ಕೊಳವೆಯಲ್ಲಿ ನೀಲಿ ದ್ರಾವಣ, ಅದಕ್ಕೆ ಎಂಟು ಹನಿ ಮೂತ್ರ, ಕೆಳಗೆ ಸ್ಪಿರಿಟ್ ದೀಪ. ಸಕ್ಕರೆ ಇದ್ದರೆ ಬಣ್ಣ ತಿರುಗುತ್ತದೆ. ಮೊದಲ ದಿನಗಳಲ್ಲಿ ಇಟ್ಟಿಗೆ ಕೆಂಪು ಬಂತು. ಆಮೇಲೆ ಹಳದಿ, ಆಮೇಲೆ ಹಸಿರು. ಒಂದು ಮುಂಜಾನೆ ನೀಲಿ ನೀಲಿಯಾಗಿಯೇ ಉಳಿಯಿತು. ಅವ್ವ ಕೊಳವೆಗೆ ಕೈ ಮುಗಿದಳು. ಅಪ್ಪನ ಬಾಯಾರಿಕೆ ನಿಂತಿತ್ತು, ಗಾಯ ಅಂಚಿನಿಂದ ಒಣಗತೊಡಗಿತ್ತು. ಅಂಗಿ ಸಡಿಲಾಗಿತ್ತು. ಮಧ್ಯಾಹ್ನದ ಹೊತ್ತಿಗೆ ಕೈ ನಡುಗುತ್ತಿತ್ತು, ಸಣ್ಣದಕ್ಕೂ ಸಿಟ್ಟು ಬರುತ್ತಿತ್ತು. ಅದು ರೋಗ ಬಿಟ್ಟು ಹೋಗುವ ಲಕ್ಷಣ ಎಂದುಕೊಂಡೆವು.

ಎಳ್ಳಮಾಸಿಗೆ, ಅಂದರೆ ಎಳ್ಳು ಅಮಾವಾಸ್ಯೆಗೆ, ಹನುಮಸಾಗರದ ಹತ್ತಿರದ ಅವ್ವನ ತವರಿಗೆ ಹೋದೆವು. ಕೊಳವೆ, ದೀಪ ನನ್ನ ಚೀಲದಲ್ಲಿದ್ದವು. ಹಬ್ಬದ ಮುಂಜಾನೆಯೂ ನೀಲಿ. ಅಪ್ಪ ಗುಳಿಗೆ ನುಂಗಿ ಎಲ್ಲರ ಜೊತೆ ಹೊಲಕ್ಕೆ ನಡೆದ. ಅಂದು ಅಡುಗೆಯನ್ನೆಲ್ಲ ಹೊಲಕ್ಕೆ ಒಯ್ದು, ಪೂಜೆ ಮಾಡಿ, ಬೆಳೆಯ ಸುತ್ತ ಎಡೆ ಚೆಲ್ಲುತ್ತಾರೆ. ಅದೇ ಚರಗ. ಅದಕ್ಕೆ ಮೊದಲು ಯಾರೂ ತುತ್ತು ಮುಟ್ಟುವಂತಿಲ್ಲ. ಬೀಗರ ಬಂಡಿ ಬರಲಿ ಎಂದು ಸೋದರಮಾವ ಕಾದ. ಹೊತ್ತು ನೆತ್ತಿ ದಾಟಿತು.

"ಒಂದ ಹೋಳಗಿ ಕೊಡು," ಎಂದ ಅಪ್ಪ.

ಅವ್ವ ಬುಟ್ಟಿಯನ್ನು ಬೆನ್ನ ಹಿಂದೆ ಸರಿಸಿದಳು. ಮಾವ ನಕ್ಕ: "ಏನ್ರೀ, ಇಷ್ಟ ದಿನದ ತಪಸ್ಸು ಹೋಳಗಿಗೆ ಮುರೀತೇನು?"

ಅಪ್ಪ ಅವ್ವನನ್ನು ಬೈದ. ಅಂಥ ಮಾತು ಅವನ ಬಾಯಲ್ಲಿ ನಾನು ಕೇಳಿರಲಿಲ್ಲ. ಅವ್ವ ನನ್ನ ಕಡೆ ತಿರುಗಿದಳು. "ಮುಂಜಾನಿ ಏನ ಬಂದಿತ್ತು?"

"ನೀಲಿ."

"ಹಂಗಾರ ಏನೂ ಆಗಿಲ್ಲ. ತಡೀರಿ. ಈಗ ತಿಂದ್ರ ಮತ್ತ ಕೆಂಪ ಬರತೈತಿ."

ಅಪ್ಪ ನನ್ನನ್ನು ನೋಡಿ ಕೇಳಿದ, "ಗೇಟ್ ಯಾರ ಎತ್ತಿದ್ರು?" ಅಲ್ಲಿ ಕಾಲುವೆ ಇರಲಿಲ್ಲ, ಗೇಟೂ ಇರಲಿಲ್ಲ. ನಾನು ಯಾರೆಂಬುದೂ ಅವನಿಗೆ ತಿಳಿಯುತ್ತಿರಲಿಲ್ಲ.

ಅಜ್ಜಿ ಎದ್ದು ಬಂದು ಅವನ ಅಂಗಿ ಮುಟ್ಟಿದಳು. ಅಂಗಿ ತೊಯ್ದಿತ್ತು. "ಇಷ್ಟ ಥಂಡಿ ಗಾಳ್ಯಾಗ ಬೆವರ ನೋಡ್ರಿ. ಹಸದಾರ ಇವರು, ಮತ್ತೇನಿಲ್ಲ."

"ಚರಗ ಆಗಿಲ್ಲಬೇ," ಎಂದ ಮಾವ.

"ಭೂಮಿತಾಯಿ ಬೈದ್ರ ನನಗ ಬೈಲಿ."

ಅವಳು ತಂಬಿಗೆಯ ನೀರಿನಲ್ಲಿ ಬೆಲ್ಲ ಹಿಸುಕಿದಳು. ಅವ್ವ ಓಡಿಬಂದು ಅವಳ ಮುಂಗೈ ಹಿಡಿದಳು. "ವಿಷ ಅದ! ಕಾಲು ಹೋಗತೈತಬೇ!"

"ಮನಷ್ಯಾನ ಹೋದ್ಮ್ಯಾಲೆ ಕಾಲು ತಗೊಂಡ ಏನ ಮಾಡ್ತಿ? ಬಿಡು."

ಅಪ್ಪ ಗುಟುಕು ಗುಟುಕಾಗಿ ಕುಡಿದ. ಬೆವರು ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಅವನು ಸುತ್ತ ನೋಡಿ, "ಬಂಡಿ ಬಂತೇನು?" ಎಂದ. ಅವ್ವ ಹೋಳಿಗೆ ಬುಟ್ಟಿಯ ಮೇಲೆಯೇ ತಲೆಯಿಟ್ಟು ಅತ್ತಳು.

ಮರುದಿನ ಡಾಕ್ಟರು ಮೊದಲು ಕೇಳಿದ್ದು ಗುಳಿಗೆ ಎಷ್ಟು ಹೊತ್ತಿಗೆ, ಊಟ ಎಷ್ಟು ಹೊತ್ತಿಗೆ ಎಂದು. ಆಮೇಲೆ ನನಗೆ ಹೇಳಿದರು: "ನೀಲಿ ಅಂದ್ರ ಮೂತ್ರದಾಗ ಸಕ್ರಿ ಇಲ್ಲ ಅಂತ, ಅಷ್ಟ. ರಕ್ತದಾಗ ಎಷ್ಟ ಕೆಳಗ ಇಳದೈತಿ ಅನ್ನೂದನ್ನ ಅದು ಹೇಳೂದಿಲ್ಲ. ಗುಳಿಗಿ ನುಂಗಿ ಉಪವಾಸ ಇದ್ರ ಜೀವಕ್ಕ ಅಪಾಯ. ನಾ ಒಂದ ರೊಟ್ಟಿ ಅಂದಿದ್ದೆ. ಒಂದೂ ಬ್ಯಾಡ ಅಂದಿರಲಿಲ್ಲ."

ಒಂದು ರೊಟ್ಟಿ ತಾಟಿಗೆ ಮರಳಿತು, ಹೊತ್ತಿಗೆ ಸರಿಯಾಗಿ. ಅನ್ನ ಬರಲಿಲ್ಲ. ಬೇಸಿಗೆಯೊಳಗೆ ಗಾಯ ಮಾಯಿತು, ಪಾದ ಉಳಿಯಿತು. ಅಪ್ಪನ ಜೇಬಿನಲ್ಲಿ ಕಾಗದದಲ್ಲಿ ಸುತ್ತಿದ ಬೆಲ್ಲದ ಚೂರು ಸದಾ ಇರುತ್ತಿತ್ತು. ಅಂಗಿಗೆ ಇರುವೆ ಹತ್ತುತ್ತಿದ್ದವು. ಅವನು ಕೆಲಸಕ್ಕೆ ಹೊರಟಾಗ ಅವ್ವ ಜೇಬು ಮುಟ್ಟಿ ನೋಡದೆ ಬಿಡುತ್ತಿರಲಿಲ್ಲ.

ಪರೀಕ್ಷೆಯನ್ನು ನಾನು ನಿಲ್ಲಿಸಲಿಲ್ಲ. ಕೆಂಪು ಬಂದರೆ ಏನು ಮಾಡಬೇಕೆಂದು ಗೊತ್ತಿತ್ತು. ನೀಲಿ ಬಂದ ದಿನ ಕೊಳವೆ ಕೆಳಗಿಟ್ಟು, ಮೊದಲು ಹೋಗಿ ಅಪ್ಪನ ಹಣೆ ಬೆವತಿದೆಯೇ ಎಂದು ಮುಟ್ಟಿ ನೋಡುತ್ತಿದ್ದೆ.