ಹಾಡು ಮುಗಿದ ಮೇಲಿನ ಮಾತು

ಮೊನ್ನೆ ಹೊಸಪೇಟೆಯ ದವಾಖಾನೆಯಲ್ಲಿ ನರ್ಸಮ್ಮ ಸೂಜಿ ಚುಚ್ಚುವ ಮೊದಲು ನನ್ನ ತೋಳಿಗೆ ಸ್ಪಿರಿಟ್ ಒರೆಸಿದರು. ಆ ವಾಸನೆಗೆ ನನಗೆ ನೆನಪಾದದ್ದು ಟೇಪ್ ರೆಕಾರ್ಡರ್. ನಗಬೇಡಿ. ನೌಕರಿ ಇರುವತನಕ ದಿನಾ ಬೆಳಿಗ್ಗೆ ಟೇಪು ತಾಗುವ ಅದರ ಹೆಡ್ಡನ್ನು ಇದೇ ಸ್ಪಿರಿಟ್‌ನಿಂದ ಒರೆಸಿದವನು ನಾನು.

ಜನರ ಹಾಡುಗಳನ್ನು ಕ್ಯಾಸೆಟ್ಟಿಗೆ ತುಂಬಿ, ಚೀಟಿ ಅಂಟಿಸಿ, ಗ್ರಂಥಾಲಯದ ಬೀರುವಿನಲ್ಲಿ ಕಾಪಾಡುವುದು ನನ್ನ ಕೆಲಸವಾಗಿತ್ತು. ಇದನ್ನು ಬೀಗರಿಗೆ ಅರ್ಥ ಮಾಡಿಸುವಷ್ಟರಲ್ಲಿ ಚಹಾ ಆರಿಹೋಗುತ್ತಿತ್ತು. ಆದರೆ ನಂಬಿ, ನನ್ನಂಥವರದೂ ಒಂದು ಅಖಿಲ ಭಾರತ ಸಂಘವಿತ್ತು. ಸಂಗೀತದ ಗ್ರಂಥಪಾಲಕರೆಲ್ಲ ವರ್ಷಕ್ಕೊಮ್ಮೆ ಎಲ್ಲಾದರೂ ಸೇರಿ, ಬೂಷ್ಟು ಹಿಡಿದ ಟೇಪಿನ ಬಗ್ಗೆ ಮಕ್ಕಳ ಜ್ವರದ ಬಗ್ಗೆ ಮಾತಾಡುವಂತೆ ಮಾತಾಡುತ್ತಿದ್ದೆವು. ಅಲ್ಲಿ ನನ್ನ ಕ್ಯಾಸೆಟ್ಟುಗಳಿಗೆ ಭಾರಿ ಹೆಸರು. ಕೆಮ್ಮಿಲ್ಲ, ಮಾತಿಲ್ಲ, ಬರೀ ಹಾಡು. ಹಾಡು ಮುಗಿದ ಗಳಿಗೆಗೇ ನಿಲ್ಲಿಸುವ ಗುಂಡಿಯನ್ನು ಟಕ್ಕನೆ ಒತ್ತುವ ನನ್ನ ಬೆರಳನ್ನು ನಾನೇ ಹೊಗಳಿಕೊಳ್ಳುತ್ತಿದ್ದೆ.

ಕಂಪ್ಲಿಯ ತಿಪ್ಪಮ್ಮನಿಗೆ ಮಾತ್ರ ಆ ಬೆರಳು ಕಂಡರಾಗುತ್ತಿರಲಿಲ್ಲ. ಭತ್ತದ ನಾಟಿ ಮುಗಿಸಿ ಬಂದು, ಕಾಲಿನ ಕೆಸರು ತೊಳೆದು, ಕಟ್ಟೆಯ ಮೇಲೆ ಕೂತು ಸೋಬಾನೆ ಹೇಳುವ ಹೆಂಗಸು. ಅವಳಲ್ಲಿ ಹಾಡಿಗೊಂದು ಕಥೆ, ಕಥೆಗೊಂದು ಜಗಳ.

"ಮಾತು ಬ್ಯಾಡಬೇ, ಹಾಡಷ್ಟ ಹೇಳು," ಅನ್ನುತ್ತಿದ್ದೆ.

"ಹಾಡಷ್ಟ ಬೇಕು, ನಾನು ಬ್ಯಾಡೇನಪಾ?" ಎಂದು ನಗುತ್ತಿದ್ದಳು. ನಾನೂ ನಗುತ್ತಿದ್ದೆ. ಜಾಣನಲ್ಲವೇ!

ತಿಪ್ಪಮ್ಮ ತೀರಿಕೊಂಡ ಮರುವರ್ಷ ಅವಳ ಮಗಳು ಗಂಗಮ್ಮ ಬಸ್ಸು ಹಿಡಿದು ಗ್ರಂಥಾಲಯಕ್ಕೆ ಬಂದಳು. ನಾನು ಉತ್ಸಾಹದಿಂದ ಹಾಡು ಹಚ್ಚಿದೆ. ಅವಳು ಕೈ ಅಡ್ಡ ಮಾಡಿದಳು.

"ಹಾಡು ನನಗೂ ಬರ್ತಾವ್ರಿ. ಅವ್ವ ನನ್ನ 'ಗಂಗೀ' ಅಂತ ಕರೀತಿದ್ಳಲ್ರಿ, ಅದೆಲ್ಲೈತಿ ನೋಡ್ರಿ."

ಇಡೀ ದಿನ ಹುಡುಕಿದೆವು. ಒಂದೊಂದು ಹಾಡಿನ ಕೊನೆಯಲ್ಲೂ ಟಕ್. ಸಂಜೆಗೆ, ಕೊನೆಯ ಕ್ಯಾಸೆಟ್ಟಿನಲ್ಲಿ, ಹಾಡು ಮುಗಿದು ಒಂದು ಉಸಿರು ಕೇಳಿಸಿತು. ಚಹಾ ತರಲು ಮಗಳನ್ನು ಕೂಗಹೊರಟಿದ್ದಳು ಪುಣ್ಯಾತ್ಗಿತ್ತಿ. "ಗಂ..." ಅಂದಳು. ಟಕ್.

"ಹಾಕ್ರಿ ಇನ್ನೊಮ್ಮೆ," ಅಂದಳು ಗಂಗಮ್ಮ. ಹಾಕಿದೆ. ಮತ್ತೆ ಹಾಕಿದೆ. ಕಡೆಗೆ ಸೆರಗಿನಿಂದ ಮುಖ ಒರೆಸಿಕೊಂಡು, ಸಿಟ್ಟಿಲ್ಲದೆ ಕೇಳಿದಳು: "ಇನ್ನೊಂದೀಟು ಬಿಟ್ಟಿದ್ರ ಏನಾಗ್ತಿತ್ರಿ?"

ಬೈದಿದ್ದರೆ ಚೆನ್ನಾಗಿತ್ತು. ಆ ವರ್ಷ ಸಂಘದ ಸಭೆಯಲ್ಲಿ ಎದ್ದು ನಿಂತು ಇದನ್ನು ಹೇಳಿದೆ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಊಟದ ಹೊತ್ತಿಗೆ ಒಬ್ಬೊಬ್ಬರೇ ತಟ್ಟೆ ಹಿಡಿದು ನನ್ನ ಬಳಿ ಬಂದು, ತಮ್ಮ ತಮ್ಮ 'ಟಕ್' ಹೇಳಿಕೊಂಡರು. ನಾವೆಲ್ಲ ಹಾಡು ಉಳಿಸಿ ಮನುಷ್ಯರನ್ನು ಕಳೆದವರೇ. ಈಗ ತಿಪ್ಪಮ್ಮನ ಒಂದು ಜಗಳ ಕೇಳುವುದಕ್ಕೆ ನನ್ನ ಕ್ಯಾಸೆಟ್ಟನ್ನೆಲ್ಲ ಕೊಟ್ಟೇನು.

ದವಾಖಾನೆಯಿಂದ ಮನೆಗೆ ಬಂದು ತೋಳು ಮೂಸಿದೆ. ಸ್ಪಿರಿಟ್ಟಿನ ವಾಸನೆ ಇನ್ನೂ ಇತ್ತು. ಒಳಗಿನಿಂದ ಹೆಂಡತಿ, "ಏನ್ರೀ, ಚಾ ಆರ್ತದ, ಬರ್ರಿ," ಎಂದು ಕೂಗಿದಳು. ಮೊದಲಾದರೆ 'ಏನ್ರೀ' ಅನ್ನುವುದರೊಳಗೆ "ಬಂದೆ" ಎಂದು ಅವಳ ಮಾತು ಕತ್ತರಿಸುತ್ತಿದ್ದೆ. ಈಗ ಸುಮ್ಮನೆ ಕೂತೆ.

"ಕಿವಿ ಕೇಳ್ಸಂಗಿಲ್ಲೇನು ನಿಮಗ?" ಎಂದು ಮತ್ತೆ ಕೂಗಿದಳು.

ಕೇಳಿಸುತ್ತಿತ್ತು. ಪೂರ್ತಿ ಕರೆದು ಮುಗಿಸಲಿ ಎಂದು ಕಾದೆ.