ಮೊದಲು ನೀ ಉಣ್ಣು

ಆ ದಿನ ಮಧ್ಯಾಹ್ನ ನಮ್ಮವರು ಅರ್ಧ ರೊಟ್ಟಿ ಬಿಟ್ಟು ಎದ್ದರು.

ರೋಗ ನಮ್ಮ ಮನೆಗೆ ಬಂದದ್ದು ಹೀಗೆ. ಮೂರು ರೊಟ್ಟಿ ಉಂಡು ನಾಲ್ಕನೆಯದಕ್ಕೆ ಬುಟ್ಟಿಯ ಕಡೆ ನೋಡುವ ಮನುಷ್ಯ ಒಂದೂವರೆ ರೊಟ್ಟಿಗೇ ಕೈ ತೊಳೆದರು. ಬಜಾರದಲ್ಲಿ ಮಿರ್ಚಿ ಭಜಿ ತಿಂದು ಬಂದಿದ್ದಾರೆ ಅಂದುಕೊಂಡು ನಾನು ಸಿಟ್ಟಾದೆ. ಮುಂದಿನ ವಾರಗಳಲ್ಲಿ ಊಟ ಒಂದು ರೊಟ್ಟಿಗೆ ಇಳಿಯಿತು. ಪಾಯಿಜಾಮದ ಲಾಡಿಯನ್ನು ದಿನೇ ದಿನೇ ಇನ್ನಷ್ಟು ಎಳೆದು ಕಟ್ಟಬೇಕಾಯಿತು. ಒಂದು ಬೆಳಿಗ್ಗೆ ವಾಂತಿ ಮಾಡಿಕೊಂಡಾಗ ನೋಡಿದರೆ, ಹಿಂದಿನ ದಿನ ಉಂಡ ಅನ್ನ ಉಂಡ ಹಾಗೆಯೇ ಹೊರಗೆ ಬಂದಿತ್ತು. ಆಗ ನನ್ನ ಸಿಟ್ಟು ಇಳಿದು ಹೆದರಿಕೆ ಶುರುವಾಯಿತು.

ನಮ್ಮೂರು ಇಂಡಿ. ನಮ್ಮವರ ಹೆಸರು ರಾಜೇಸಾಬ. ಬಜಾರದ ಹಿಂದಿನ ಓಣಿಯಲ್ಲಿ ಅವರ ಗಾದಿ ಅಂಗಡಿ. ಹತ್ತಿ ಹಿಂಜಿ ಗಾದಿ, ತಲೆದಿಂಬು ಹೊಲಿಯುವುದು ಅವರ ಅಪ್ಪನ ಕಾಲದಿಂದ ಬಂದ ಕೆಲಸ. ನಾನು ಮಾಬೂಬಿ, ಅಂಗನವಾಡಿ ಕಾರ್ಯಕರ್ತೆ. ಊರವರಿಗೆಲ್ಲ ಟೀಚರ್. ಒಬ್ಬಳೇ ಮಗಳು ಶಬಾನಾ ವಿಜಯಪುರದಲ್ಲಿ ಬಿ.ಎಡ್ ಓದುತ್ತಿದ್ದಳು. ಆಸ್ಪತ್ರೆಯ ಓಡಾಟವೆಲ್ಲ ಅವಳ ತಲೆಗೇ ಬಂತು.

ವಿಜಯಪುರದಲ್ಲಿ ಎಂಡೋಸ್ಕೋಪಿ ಮಾಡಿದರು. ತುಣುಕು ತೆಗೆದು ಬಯಾಪ್ಸಿಗೆ ಕಳಿಸಿದರು. ಆಮೇಲೆ ಸಿಟಿ ಸ್ಕ್ಯಾನ್. ರಿಪೋರ್ಟ್ ಬಂದ ದಿನ ಡಾಕ್ಟರಮ್ಮ ನಮ್ಮವರನ್ನು ಹೊರಗೆ ಕೂಡಿಸಿ ಬನ್ನಿ ಅನ್ನಲಿಲ್ಲ. ಅವರ ಎದುರಿಗೇ ಹೇಳಿದರು. ಅದಕ್ಕೆ ಆಗ ನನಗೆ ಅವರ ಮೇಲೆ ಕೋಪ ಬಂದಿತ್ತು, ಈಗ ಇಲ್ಲ.

ಜಠರದ ಕ್ಯಾನ್ಸರ್. ಲಿವರ್‌ಗೂ ಹೋಗಿದೆ. ಆಪರೇಶನ್ ಆಗುವುದಿಲ್ಲ.

ನಮ್ಮವರು ಕೇಳಿದ್ದು ಒಂದೇ ಮಾತು. ಊಟ ಕೆಳಗಿಳಿಯುವ ಹಾಗೆ ಏನಾದರೂ ಮಾಡಬಹುದೇ? ಕೀಮೋ ಕೊಟ್ಟು ನೋಡೋಣ, ಗಡ್ಡೆ ಸ್ವಲ್ಪ ಕುಗ್ಗಿದರೆ ದಾರಿ ಬಿಟ್ಟೀತು ಎಂದರು ಡಾಕ್ಟರಮ್ಮ. ವಾಸಿಯಾಗುವ ಮಾತು ಅವರ ಬಾಯಿಂದ ಬರಲಿಲ್ಲ. ಅದು ನನ್ನ ಗಮನಕ್ಕೆ ಬಂತು. ಬಂದರೂ ಕೇಳಲಿಲ್ಲ.

ಕೆಳಗಿನ ಮಹಡಿಯಲ್ಲಿ ಡಯಟೀಶಿಯನ್ ಹುಡುಗಿ ಹೇಳಿದ್ದಕ್ಕೆಲ್ಲ ತಲೆಯಾಡಿಸಿದೆ. ಸ್ವಲ್ಪ ಸ್ವಲ್ಪ, ಮೇಲಿಂದ ಮೇಲೆ ಕೊಡಿ. ಮೊಟ್ಟೆ, ಬೇಳೆ, ಹಾಲು, ಪ್ರೋಟೀನ್ ಪೌಡರ್. ತೂಕ ಇಳಿಯದಂತೆ ನೋಡಿಕೊಳ್ಳಿ, ಇಳಿದರೆ ಮೈ ಕೀಮೋ ತಡೆಯುವುದಿಲ್ಲ. ಇದನ್ನು ಈ ಹುಡುಗಿ ನನಗೆ ಹೇಳಬೇಕೇ? ನನ್ನ ಅರ್ಧ ಆಯುಷ್ಯ ಇದೇ ಕೆಲಸದಲ್ಲಿ ಹೋಗಿದೆ. ತೂಕದ ಚಾರ್ಟಿನ ಕೆಂಪು ಪಟ್ಟಿಗೆ ಇಳಿದ ಎಷ್ಟು ಮಕ್ಕಳನ್ನು ಮೊಟ್ಟೆ, ಶೇಂಗಾ ಚಿಕ್ಕಿ ತಿನ್ನಿಸಿ ಹಸಿರಿಗೆ ಎತ್ತಿದ್ದೇನೆ. ಮಗು ಉಣ್ಣುವುದಿಲ್ಲ ಎಂದ ತಾಯಂದಿರನ್ನು, ಉಣ್ಣಿಸಲು ನಿನಗೆ ಬರುವುದಿಲ್ಲ ಅನ್ನು ಎಂದು ಎಲ್ಲರೆದುರು ಗದರಿದ್ದೇನೆ. ಅಂಥವಳು ಗಂಡನಿಗೆ ಉಣ್ಣಿಸಲಾರೆನೇ ಎಂಬ ಜಂಬ ನನಗಿತ್ತು.

ಜೋಳದ ಅಂಬಲಿಗೆ ಮೊಟ್ಟೆ ಕದಡಿದೆ. ಬೇಳೆಯ ಕಟ್ಟಿಗೆ ತುಪ್ಪ ಬಿಟ್ಟೆ. ಶೇಂಗಾ ಹುರಿದು ಹಿಟ್ಟು ಮಾಡಿ ಹಾಲಿಗೆ ಬೆರೆಸಿದೆ. ಅಡುಗೆಯ ವಾಸನೆಗೇ ಓಕರಿಕೆ ಬರುತ್ತದೆ ಎಂದಾಗ ಪಕ್ಕದ ಮನೆಯ ನೀಲಮ್ಮಕ್ಕ ತಮ್ಮ ತೋಟದ ನಿಂಬೆಹಣ್ಣು ಸೆರಗಿನಲ್ಲಿ ಕಟ್ಟಿಕೊಂಡು ಬಂದಳು. ಸಿಪ್ಪೆ ಉಗುರಿನಿಂದ ಗೀರಿ ಮೂಗಿಗೆ ಹಿಡಿದರೆ ಹೊಟ್ಟೆ ತೊಳಸುವುದು ಸ್ವಲ್ಪ ನಿಲ್ಲುತ್ತಿತ್ತು. ಎಡಗೈಯಲ್ಲಿ ನಿಂಬೆಹಣ್ಣು ಹಿಡಿದುಕೊಂಡು ಬಲಗೈಯಿಂದ ಉಣ್ಣುತ್ತಿದ್ದರು.

ಶುಕ್ರವಾರ ನಮಾಜು ಮುಗಿಸಿ ಬರುವಾಗ ಅಂಗನವಾಡಿಗೆ ಬಂದು ತೂಕದ ಯಂತ್ರದ ಮೇಲೆ ನಿಲ್ಲಬೇಕೆಂದು ಅಪ್ಪಣೆ ಮಾಡಿದೆ. ಗರ್ಭಿಣಿಯರನ್ನು ತೂಗುವ ಯಂತ್ರ ಅದು. ಅವರು ಏರಿ ನಿಂತರೆ ಮಕ್ಕಳು ಸುತ್ತ ನೆರೆಯುತ್ತಿದ್ದವು. ವಾರ ವಾರಕ್ಕೆ ಮುಳ್ಳು ಹಿಂದೆ ಹೋಗುತ್ತಿತ್ತು. ಒಂದು ಶುಕ್ರವಾರ ಮಾತ್ರ ಮುಂದೆ ಬಂತು. ನನಗಾದ ಸಂತೋಷಕ್ಕೆ ಮಕ್ಕಳ ಕೈಯಲ್ಲಿ ಚಪ್ಪಾಳೆ ಹೊಡೆಸಿಬಿಟ್ಟೆ. ಸಂಜೆ ಒಗೆಯಲು ಅವರ ಅಂಗಿ ಎತ್ತಿಕೊಂಡರೆ, ಕಿಸೆಯಲ್ಲಿ ಹತ್ತಿ ತೂಗುವ ಕಬ್ಬಿಣದ ತೂಕದ ಕಲ್ಲು ಇತ್ತು.

ಬಾಯಿಗೆ ಬಂದಂತೆ ಬೈದೆ. ಅವರು ನಕ್ಕರು. "ನಿನ್ನ ಮಾರಿ ಅಷ್ಟ ಅರಳಿದ್ದು ನೋಡಿ ಭಾಳ ದಿನಾ ಆಗಿತ್ತು" ಅಂದರು. ನನಗೂ ನಗು ಬಂತು. ಆಮೇಲೆ ಬಚ್ಚಲಿಗೆ ಹೋಗಿ, ನಲ್ಲಿ ಬಿಟ್ಟುಕೊಂಡು ಅತ್ತೆ.

ಇಲ್ಲಿ ಒಂದು ಮಾತು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಮದುವೆಯಾದಾಗಿನಿಂದ ನಾನು ನಮ್ಮವರು ಉಂಡ ಮೇಲೆಯೇ ಉಣ್ಣುವವಳು. ಅತ್ತೆಯವರು ಹಾಗೆ ಮಾಡುತ್ತಿದ್ದರು, ನನಗೂ ರೂಢಿಯಾಯಿತು. ಅವರು ಕೈ ತೊಳೆದು, ತಾಟು ಸರಿಸಿ, "ಆತು, ನೀ ಉಣ್ಣು" ಅನ್ನಬೇಕು. ಆ ಮಾತು ಕಿವಿಗೆ ಬೀಳದೆ ನನಗೆ ಹಸಿವೆಯೇ ಆಗುತ್ತಿರಲಿಲ್ಲ. ಶಬಾನಾ ಇದಕ್ಕೆ ನಮ್ಮಿಬ್ಬರನ್ನೂ ಆಡಿಕೊಳ್ಳುತ್ತಿದ್ದಳು. ಈಗ ಅವರು ಉಣ್ಣದೆ ಕೂತರೆ ನಾನೂ ಉಣ್ಣದೆ ಕೂತೆ. ಮೊದಮೊದಲು ರೂಢಿಯಿಂದ, ಆಮೇಲೆ ಬೇಕೆಂದೇ. ನಾನು ಹಸಿದಿರುವುದನ್ನು ಅವರು ತಡೆಯಲಾರರು ಎಂದು ಚೆನ್ನಾಗಿ ಗೊತ್ತಿತ್ತು. ಎದುರಿಗೆ ಗೋಡೆಗೆ ಒರಗಿ ಸುಮ್ಮನೆ ಕೂತುಬಿಡುತ್ತಿದ್ದೆ. ಸ್ವಲ್ಪ ಹೊತ್ತಿಗೆ ಅವರು ತಾಟು ಹತ್ತಿರ ಎಳೆದುಕೊಂಡು ನಾಲ್ಕು ತುತ್ತು ನುಂಗಿ, "ಆತು, ನೀ ಉಣ್ಣು" ಎಂದು ಹೇಳಿ ಹಿತ್ತಲಿಗೆ ಗಾಳಿಗೆ ಹೋಗುತ್ತಿದ್ದರು. ನಾನು ಗೆದ್ದೆನೆಂದುಕೊಂಡು ಹೊಟ್ಟೆತುಂಬ ಉಣ್ಣುತ್ತಿದ್ದೆ.

ಒಂದು ಮಧ್ಯಾಹ್ನ ತಾಟು ಹಾಕಿಕೊಂಡ ಮೇಲೆ ಕೊಡದಲ್ಲಿ ನೀರಿಲ್ಲದ್ದು ಕಂಡು, ಹಿತ್ತಲ ಬಾಗಿಲು ತೆಗೆದೆ.

ನುಗ್ಗೆ ಗಿಡದ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದರು. ಎರಡು ಬೆರಳು ಗಂಟಲಲ್ಲಿ.

ಎಲ್ಲ ಹೊರಗೆ ಬಂದ ಮೇಲೆ ಕೈಯಿಂದ ಮಣ್ಣು ಎಳೆದು ಮುಚ್ಚಿದರು. ಮುಚ್ಚಿ, ಅಂಗೈಯಿಂದ ತಟ್ಟಿ ಸಮ ಮಾಡಿದರು. ಅಂಥವೇ ಸಣ್ಣ ಸಣ್ಣ ಮಣ್ಣಿನ ಗುಡ್ಡೆಗಳು ಗಿಡದ ಸುತ್ತ ಎಷ್ಟೋ ಇದ್ದವು. ನನ್ನ ಮೊಟ್ಟೆ, ನನ್ನ ತುಪ್ಪ, ನನ್ನ ಶೇಂಗಾ ಹಿಟ್ಟು ಎಲ್ಲ ಅಲ್ಲಿತ್ತು. ತಲೆ ಎತ್ತಿದಾಗ ಬಾಗಿಲಲ್ಲಿ ನಿಂತ ನನ್ನನ್ನು ನೋಡಿದರು. ಕಣ್ಣು, ಮೂಗು ಎಲ್ಲ ನೀರಾಗಿತ್ತು.

"ನಿಂದು ಊಟಾ ಆತೇನ?" ಎಂದು ಕೇಳಿದರು.

ಕೊಡ ಅಲ್ಲೇ ಇಟ್ಟು, ಅವರ ರಟ್ಟೆ ಹಿಡಿದು ಎಬ್ಬಿಸಿದೆ. ರಟ್ಟೆ ನನ್ನ ಹಿಡಿಯೊಳಗೆ ಪೂರ್ತಿ ಬಂತು. ಉಂಡದ್ದು ಹೊಟ್ಟೆಯಲ್ಲಿ ಕಲ್ಲಿನ ಹಾಗೆ ಕೂತು ಸಂಜೆಯವರೆಗೆ ಹಿಂಡುತ್ತದೆ, ತೆಗೆದುಬಿಟ್ಟರೆ ಹಗುರ ಎಂದು ಒಳಗೆ ಬಂದ ಮೇಲೆ ಹೇಳಿದರು. ತಪ್ಪು ಮಾಡಿ ಸಿಕ್ಕಿಬಿದ್ದ ಹುಡುಗನ ಹಾಗೆ ಹೇಳಿದರು. ನನ್ನ ಗಂಡನಿಗೆ ನನ್ನೆದುರು ಅಂಥ ದನಿ ಬಂದದ್ದು ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಡಾಕ್ಟರಮ್ಮ ಕೀಮೋ ನಿಲ್ಲಿಸೋಣ ಎಂದರು. ಗಡ್ಡೆ ಕುಗ್ಗಿರಲಿಲ್ಲ. ಡಾಕ್ಟರಮ್ಮನಿಗೆ ನಾನು ಹಿತ್ತಲಿನ ವಿಷಯ ಹೇಳಿದೆ. ಮೂಗಿನಿಂದ ನಳಿಗೆ ಹಾಕಿಯಾದರೂ ಊಟ ಇಳಿಸಿ ಎಂದು ಅಂಗಲಾಚಿದೆ. ಅವರು ತಮ್ಮ ಕುರ್ಚಿ ನನ್ನ ಹತ್ತಿರ ಎಳೆದುಕೊಂಡರು.

"ನೋಡ್ರಿ ಟೀಚರ್, ಅವರು ಉಣ್ಣೂದಿಲ್ಲಂತ ಸೊರಗಾಕತ್ತಿಲ್ಲ. ಈ ರೋಗಾನ ಅವರ ಹಸಿವಿ ತಿಂದೈತಿ. ಈಗ ನೀವು ಎಷ್ಟ್ ತುಂಬಿದ್ರೂ ಮೈಗೆ ಹತ್ತಂಗಿಲ್ಲ. ಅವರು ಬೇಡಿದ್ದು, ಬೇಡಿದಷ್ಟ ಕೊಡ್ರಿ."

ಹಾಗಾದರೆ ನಾನೇನು ಮಾಡಲಿ ಎಂದು ಕೇಳಿದೆ. ವಾಂತಿಗೆ, ನೋವಿಗೆ ಗುಳಿಗೆ ಬದಲಿಸಿಕೊಡುತ್ತೇನೆ, ನೀವು ಪಕ್ಕದಲ್ಲಿ ಕೂತುಕೊಳ್ಳಿ ಎಂದರು. ಕೂತುಕೊಳ್ಳುವುದೂ ಒಂದು ಕೆಲಸವಾಯಿತೇ ಎಂದು ನನಗೆ ಅನ್ನಿಸಿತು. ಬಸ್ಸಿನಲ್ಲಿ ಇಂಡಿಗೆ ಮರಳುವಾಗ ದಾರಿಯುದ್ದಕ್ಕೂ ಅವರು ನನ್ನ ಭುಜದ ಮೇಲೆ ನಿದ್ದೆ ಮಾಡಿದರು. ಶುಕ್ರವಾರದ ತೂಕ ಅಲ್ಲಿಗೆ ನಿಲ್ಲಿಸಿದೆ. ಆದರೆ ಅವರು ಉಣ್ಣದೆ ಉಣ್ಣುವುದು ಮಾತ್ರ ನನ್ನಿಂದ ಆಗಲಿಲ್ಲ. ಬೇಕೆಂದು ಹಟ ಹಿಡಿದದ್ದಲ್ಲ, ತುತ್ತು ಒಳಗೇ ಇಳಿಯುತ್ತಿರಲಿಲ್ಲ. ಅವರು ನೋಡಿ ಮುಖ ತಿರುಗಿಸಿಕೊಳ್ಳುತ್ತಿದ್ದರು.

ಅಷ್ಟರಲ್ಲಿ ರಂಜಾನ್ ಬಂತು.

ಕಾಯಿಲೆಯವರಿಗೆ ರೋಜಾದ ಉಪವಾಸ ಕಡ್ಡಾಯವಿಲ್ಲ, ನಮ್ಮವರು ಹಿಡಿಯುವ ಸ್ಥಿತಿಯಲ್ಲೂ ಇರಲಿಲ್ಲ. ಬೇಕೆನಿಸಿದಾಗ ನಿಂಬೆ ಶರಬತ್ತು ಒಂದೆರಡು ಗುಟುಕು, ಗುಳಿಗೆಗೆ ನೀರು, ಅಷ್ಟೇ. ಆದರೆ ಹಗಲು ಮನೆಯಲ್ಲಿ ಒಲೆ ಹೊತ್ತಲಿಲ್ಲ. ಒಗ್ಗರಣೆಯ ವಾಸನೆ ಇಲ್ಲ. ನೋಡಲು ಬಂದ ನೆಂಟರು ತಾವೇ ಉಪವಾಸ, ಒಂದು ತುತ್ತಾದರೂ ತಿನ್ನಿ ಎಂದು ಒತ್ತಾಯ ಮಾಡುವವರಿಲ್ಲ. ನಾನೂ ಉಪವಾಸವಿದ್ದೆ, ಆದರೆ ಅದು ದೇವರಿಗೆ ಸೇರಿದ್ದು, ಅದರ ಭಾರ ಅವರ ಮೇಲಿರಲಿಲ್ಲ. ಕೆಲವೇ ದಿನಗಳಲ್ಲಿ ಅವರ ಮುಖ ತಿಳಿಯಾಯಿತು. ಎಲುಬು ಚುಚ್ಚುತ್ತವೆ ಎಂದು, ರಜೆ ಹಾಕಿ ಮನೆಗೆ ಬಂದಿದ್ದ ಶಬಾನಾಳಿಂದ ತಮ್ಮ ಗಾದಿ ಬಿಚ್ಚಿಸಿದರು. ಹತ್ತಿಯನ್ನು ಕೈಯಿಂದ ಬಿಡಿಸಿ, ಸೊಂಟದ ಜಾಗಕ್ಕೆ ದಪ್ಪವಾಗಿ, ಕಾಲಿಗೆ ತೆಳ್ಳಗೆ ತುಂಬುವುದನ್ನು ಮಲಗಿದಲ್ಲಿಂದಲೇ ಹೇಳಿಕೊಟ್ಟರು. ಅವಳ ಹೊಲಿಗೆ ಸೊಟ್ಟಗಾದದ್ದಕ್ಕೆ, ಪುಣ್ಯಕ್ಕೆ ನೀನು ಸಾಲಿ ಟೀಚರ್ ಆಗುವವಳು ಎಂದು ಚೇಷ್ಟೆ ಮಾಡಿದರು. ಎಷ್ಟೋ ತಿಂಗಳ ಮೇಲೆ ನಮ್ಮ ಮನೆಯಲ್ಲಿ ಊಟ ಬಿಟ್ಟು ಬೇರೆ ಮಾತು ಬಂದದ್ದು ಆಗ. ಈ ಮನುಷ್ಯ ಕ್ಯಾನ್ಸರಿಗಿಂತ ನನ್ನ ತಾಟಿಗೆ ಹೆದರಿದ್ದರು ಎಂದು ಗಾದಿಯ ಒಂದು ತುದಿ ಹಿಡಿದುಕೊಂಡು ಕೂತಾಗ ಅರ್ಥವಾಯಿತು.

ಸಂಜೆ ಅಜಾನ್ ಆದಾಗ ಮೂವರೂ ಒಂದೇ ಚಾಪೆಯ ಮೇಲೆ ಕೂತು ಒಟ್ಟಿಗೇ ಖರ್ಜೂರ ಬಾಯಿಗಿಡುತ್ತಿದ್ದೆವು. ರಂಜಾನ್ ಸಂಜೆಗಳನ್ನು ಬಿಟ್ಟರೆ ನಾವು ಗಂಡ ಹೆಂಡತಿ ಎಂದೂ ಒಟ್ಟಿಗೆ ಉಂಡವರಲ್ಲ. ಅವರು ಖರ್ಜೂರದ ಚೂರು ಚೀಪಿ, ಉಳಿದದ್ದನ್ನು ನನ್ನೆದುರೇ ಬಟ್ಟಲಿಗೆ ಉಗುಳುತ್ತಿದ್ದರು. ಮುಚ್ಚಿಡುವುದು ಮುಗಿದಿತ್ತು. ಹಬ್ಬದ ದಿನ ಸುರಕುಂಬಾ ಪಾಯಸದಲ್ಲಿ ಬೆರಳದ್ದಿ ನೆಕ್ಕಿ, ಸಕ್ಕರೆ ಜಾಸ್ತಿಯಾಗಿದೆ ಎಂದರು. ಆ ಒಂದು ಬೆರಳಿಗೆ ನನಗೆ ಹಬ್ಬವಾಯಿತು.

ಹಬ್ಬದ ಮರುದಿನ ಹಗಲೂಟ ಮತ್ತೆ ಶುರು. ನನಗೆ ಒಳಗೊಳಗೇ ಅಳುಕು. ಅವರ ಮುಂದೆ ಅಂಬಲಿಯ ಬಟ್ಟಲು ಇಟ್ಟು ಗೋಡೆಗೆ ಒರಗಿದೆ. ಅವರು ಬಟ್ಟಲು ಮುಟ್ಟಲಿಲ್ಲ.

"ಇವತ್ತಿಂದ ಮೊದಲ ನೀ ಉಣ್ಣು" ಎಂದರು. "ನೀ ಉಂಡ ಮ್ಯಾಲೆ ನಾ."

ಅದೆಲ್ಲ ಆಗುವುದಿಲ್ಲ ಎಂದೆ. ನಮ್ಮಲ್ಲಿ ಹಾಗೆ ರೂಢಿಯಿಲ್ಲ ಎಂದೂ ಹೇಳಿ ನೋಡಿದೆ.

"ಇಷ್ಟ ವರ್ಷ ನೀ ಕಾದಿ. ಇನ್ನ ನಾ ಕಾಯ್ತೇನಿ."

ಶಬಾನಾ ಆಗಲೇ ನನ್ನ ತಾಟು ತಂದಿಟ್ಟಿದ್ದಳು. ಅಪ್ಪ ಮಗಳು ಮೊದಲೇ ಮಾತಾಡಿಕೊಂಡಿದ್ದರೇನೋ. ರೊಟ್ಟಿ ಮುರಿದೆ. ಅವರು ನೋಡುತ್ತಿದ್ದಾರೆಂದು ನಾಚಿಕೆ. ತುತ್ತು ಇಳಿಸಲು ನೀರು ಕುಡಿಯಬೇಕಾಯಿತು. ಪಲ್ಲೆ ಹೇಗಾಗಿದೆ ಎಂದು ಕೇಳಿದರು. ಚೆನ್ನಾಗಿದೆ ಎಂದೆ. ಹಾಗಲ್ಲ, ಖಾರ ಎಷ್ಟು, ಉಪ್ಪು ಎಷ್ಟು, ಬದನೆಕಾಯಿ ಎಳೆಯದೋ ಬಲಿತದ್ದೋ ಎಲ್ಲ ಹೇಳು ಎಂದರು. ಹೇಳಿದೆ. ನಾನು ಅರ್ಧ ರೊಟ್ಟಿಗೆ ನಿಲ್ಲಿಸಿದರೆ, ನಿನ್ನ ಅಂಗನವಾಡಿ ಮಕ್ಕಳಿಗೆ ತಾಟು ಖಾಲಿ ಮಾಡು ಎಂದು ಗದರುತ್ತೀಯಲ್ಲ, ಈಗ ಮಾಡು ಎಂದು ಕಾಡಿದರು. ಮಾಡಿದ ಮೇಲೆ ಎರಡು ಚಮಚ ಅಂಬಲಿ ಕುಡಿದರು. ಒಮ್ಮೊಮ್ಮೆ ಅದೂ ಇಲ್ಲ. ಕುಡಿಯದ ದಿನ ನಾನು ಬಟ್ಟಲು ಎತ್ತಿಕೊಂಡು ಹೋಗುತ್ತಿದ್ದೆ, ಏನೂ ಅನ್ನುತ್ತಿರಲಿಲ್ಲ. ಅದನ್ನು ಕಲಿಯಲು ನನಗೆ ಬಹಳ ಕಷ್ಟವಾಯಿತು.

ಕೊನೆಯ ವಾರಗಳು ಹೀಗೆ ನಡೆದವು. ಅವರು ಕರಗುತ್ತಿದ್ದರು, ನಾನು ಅವರೆದುರು ಕೂತು ಉಣ್ಣುತ್ತಿದ್ದೆ. ಹೊರಗಿನವರಿಗೆ ಇದು ಕಲ್ಲು ಮನಸ್ಸು ಎನಿಸಿರಬಹುದು. ಒಬ್ಬಿಬ್ಬರು ಅಂದರು ಕೂಡ.

ಬಕ್ರೀದಿಗೆ ಇನ್ನೂ ದಿನವಿದ್ದಾಗ, ಬಿಸಿಲು ಏರಿದ ಒಂದು ಬೆಳಿಗ್ಗೆ, ತಮ್ಮದೇ ಗಾದಿಯ ಮೇಲೆ ಹೋದರು. ನೋವು ಹಿಡಿತದಲ್ಲಿತ್ತು. ಶಬಾನಾಳ ಕೈ ಅವರ ಕೈಯಲ್ಲಿತ್ತು. ನಾನು ನಿಂಬೆಹಣ್ಣು ಗೀರಿ ಮೂಗಿನ ಹತ್ತಿರ ಹಿಡಿದಿದ್ದೆ. ಆಸ್ಪತ್ರೆಯ ಮಂಚದ ಮೇಲೆ, ಬಾಯಿ ಮೂಗಿಗೆ ನಳಿಗೆ ಹಾಕಿಸಿಕೊಂಡು ಹೋಗಲಿಲ್ಲ. ಅಷ್ಟಕ್ಕೆ ನಾನು ದೇವರಿಗೂ ಆ ಡಾಕ್ಟರಮ್ಮನಿಗೂ ಋಣಿ.

ಮಯ್ಯತ್ತಿನ ಮನೆಯಲ್ಲಿ, ಅಂದರೆ ಸಾವಾದ ಮನೆಯಲ್ಲಿ, ಮೂರು ದಿನ ಒಲೆ ಹಚ್ಚುವುದಿಲ್ಲ. ಮಣ್ಣು ಮಾಡಿ ಬಂದ ಮೇಲೆ ನೀಲಮ್ಮಕ್ಕ ರೊಟ್ಟಿ, ಕಡಲೆಹಿಟ್ಟಿನ ಝುಣಕ ತಂದಳು. ಎಲ್ಲರೂ ಸುತ್ತ ಕೂತು, ಎರಡು ತುತ್ತಾದರೂ ಉಣ್ಣು ಎಂದು ನನ್ನ ಬೆನ್ನು ಹತ್ತಿದರು. ಇವಳೆಲ್ಲಿ ಉಣ್ಣುತ್ತಾಳೆ, ಅವರು ಉಣ್ಣದೆ ಒಂದು ದಿನ ಉಂಡವಳಲ್ಲ ಎಂದು ನೀಲಮ್ಮಕ್ಕ ಕಣ್ಣೊರೆಸಿಕೊಂಡಳು. ನಿಜ. ಹಿಂದಿನ ಮಾಬೂಬಿ ಆಗಿದ್ದರೆ, "ಆತು, ನೀ ಉಣ್ಣು" ಎಂಬ ಮಾತಿಗೆ ಕಾಯುತ್ತಾ ಅದೇ ಗೋಡೆಗೆ ಒರಗಿ ಒಣಗಿಹೋಗುತ್ತಿದ್ದಳು. ಆ ಮಾತು ಮುಂದೆ ಬರುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಅದಕ್ಕೇ ಕೊನೆಯ ಶಕ್ತಿಯನ್ನೆಲ್ಲ ಹಾಕಿ, ನನಗೆ ಮೊದಲು ಉಣ್ಣುವುದನ್ನು ರೂಢಿ ಮಾಡಿಸಿ ಹೋಗಿದ್ದರು.

ತಾಟು ಎಳೆದುಕೊಂಡೆ. ರೊಟ್ಟಿ ಮುರಿದು ಝುಣಕ ಹಚ್ಚಿ ಬಾಯಿಗಿಟ್ಟೆ. ಕೋಣೆಯ ಮೂಲೆಯಲ್ಲಿ ಅವರ ಗಾದಿ ಸುತ್ತಿಟ್ಟಿತ್ತು. ಶಬಾನಾಳ ಸೊಟ್ಟ ಹೊಲಿಗೆ ಇಲ್ಲಿಂದಲೇ ಕಾಣುತ್ತಿತ್ತು.

"ಉಪ್ಪು ಸ್ವಲ್ಪ ಕಡಿಮಿ ಆಗೈತ್ರಿ" ಎಂದೆ.

ನೀಲಮ್ಮಕ್ಕ ತನಗೇ ಹೇಳಿದೆನೆಂದು ತಿಳಿದು ಉಪ್ಪು ತರಲು ಎದ್ದಳು. ನಾನು ತಡೆಯಲಿಲ್ಲ, ಇನ್ನೊಂದು ತುತ್ತು ಮುರಿದುಕೊಂಡೆ.